ತಾತನಿಗೆ ಸುಟ್ಟ ಕವಿತೆ

ಏಪ್ರಿಲ್ 5, ಶುಕ್ರವಾರ. ಲಿವರ್‌ಪೂಲ್.

ಆ ಕವಿತೆಯನ್ನು ಸುಡಬಾರದಿತ್ತು.

ಇವತ್ತು ಚೀನೀಯರು ಹಿರಿಯರ ಸಮಾಧಿ ಗುಡಿಸುವ ಹಬ್ಬ. ಬೆಳಿಗ್ಗೆ ಅಮ್ಮನ ತಾಯಿ ಪೊಪೊ ಜೊತೆ ತಾತನ ಸಮಾಧಿ ಗುಡಿಸಿ, ಕಿತ್ತಳೆ ಇಟ್ಟು, ಕಾಗದದ ನೋಟು ಸುಟ್ಟೆವು. ಸುಟ್ಟದ್ದು ಸತ್ತವರ ಕೈ ಸೇರುತ್ತದಂತೆ. ನಾನು ಬರೆದ ಕವಿತೆಯನ್ನೂ ಬೆಂಕಿಗೆ ಹಾಕಿದೆ.

“ಇಂಗ್ಲಿಷಲ್ಲಿ ಬರ್ದಿದ್ದೀಯೇನೇ? ನಿಮ್ಮ ತಾತ ಮಾತಾಡ್ತಿದ್ರು ಅಷ್ಟೆ, ಓದೋಕೆ ಬರ್ತಿರ್ಲಿಲ್ಲ.”

“ನಂಗೆ ಚೀನೀ ಬರೆಯೋಕೆ ಬರಲ್ವಲ್ಲ, ಪೊಪೊ.”

“ಚೀನೀ ಶಾಲೆ ಅರ್ಧಕ್ಕೇ ಬಿಟ್ಟೋಳಿಗೆ ಇನ್ನೇನು ಬರುತ್ತೆ? ಹೋಗ್ಲಿ, ನಿಮ್ಮಪ್ಪನ ಅಮ್ಮ ಅಲ್ಲೇ ಬೇಲಿ ಪಕ್ಕದ ಸಮಾಧೀಲಿ ಮಲಗಿದ್ದಾಳಲ್ಲ. ಅವಳೇ ಓದಿ ಹೇಳ್ತಾಳೆ ಬಿಡು.”

ಪೊಪೊ ನಕ್ಕಳು. ನಾನು ಬೆಂಕಿಯತ್ತ ತಿರುಗಿದೆ. ಕವಿತೆ ಆಗಲೇ ಬೂದಿಯಾಗಿತ್ತು.

ಕವಿತೆ ಇರುವುದೇ ಆ ಇಂಗ್ಲಿಷ್ ಅಜ್ಜಿಯ ಬಗ್ಗೆ. ಅಪ್ಪ ಅಮ್ಮನ ಮದುವೆಯ ದಿನ ತಾತ ಕೈ ಚಾಚಿದಾಗ ಅವಳು ಕೈಚೀಲದಲ್ಲಿ ಏನೋ ಹುಡುಕುವಂತೆ ನಟಿಸಿದ್ದಳು. ಚೀನಾದವನ ಕೈ ಮುಟ್ಟಲು ಹೇಸಿಗೆಯಾಗಿತ್ತು ಎಂದು ಸಾಯುವ ಮುಂಚೆ ನನಗೊಬ್ಬಳಿಗೆ ಹೇಳಿ ಅತ್ತಳು. ತಾತ ಮಾತ್ರ ಕೊನೆಯವರೆಗೂ “ಪಾಪ, ನಾಚಿಕೆ ಸ್ವಭಾವದ ಹೆಂಗಸು” ಎನ್ನುತ್ತಿದ್ದರು. ಅವರಿಬ್ಬರೂ ಕೈ ಹಿಡಿದದ್ದು ನನ್ನ ಮೈಯೊಳಗೆ ಮಾತ್ರ ಎಂದು ಬರೆದಿದ್ದೆ. ಹೇಸಿಗೆ ಎಂಬ ಮಾತನ್ನೂ ಬಿಡಲಿಲ್ಲ. ನಿಜ ಬರೆಯುವ ಹಟ ನನ್ನದು.

ಕಣ್ಣು ಮುಚ್ಚಿದರೆ ಅಜ್ಜಿ ಕನ್ನಡಕ ಹಾಕಿಕೊಂಡು ತಾತನಿಗೆ ಓದಿ ಹೇಳುತ್ತಿದ್ದಾಳೆ. ಹೇಸಿಗೆಯ ಆ ಸಾಲಿಗೆ ಬಂದು ಓದು ನಿಲ್ಲಿಸಿಬಿಟ್ಟಿದ್ದಾಳೆ.

“ಆಮೇಲೆ?” ಎನ್ನುತ್ತಿದ್ದಾರೆ ತಾತ. “ನಮ್ಮ ಹುಡುಗಿ ಮುಂದೆ ಏನು ಬರ್ದಿದ್ದಾಳೆ, ಓದಮ್ಮ.”