ಕವಾಟ ಮುಚ್ಚಿದ ಭಾವನವರಿಗೆ

ಪೂಜ್ಯ ಭಾವನವರೇ,

ಇಂಜಿನ್ನಿನ ಮೇಲೆ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ನೀವು ನಿಲ್ಲುತ್ತಿದ್ದುದು ನೆನಪಾಗುತ್ತದೆ. ನಿಮ್ಮ ಗ್ಯಾರೇಜಿದ್ದ ಸದಾಶಿವ ಪೇಠದ ಅಷ್ಟು ಗದ್ದಲದ ನಡುವೆ ಒಂದು ಕಾರ್ಬ್ಯುರೇಟರಿನ ಕೊರತೆ ಮಾತ್ರ ನಿಮ್ಮ ಕಿವಿಗೆ ಬೇರೆಯಾಗಿ ಕೇಳಿಸುತ್ತಿದ್ದುದು ಹೇಗೆ? ಕೇಳಿದರೆ, "ಗಾಡಿ ಹಸದದ ಮಾಸ್ತರ, ಪೆಟ್ರೋಲ್ ಸಾಲವಲ್ದು" ಎನ್ನುತ್ತಿದ್ದಿರಿ. ಆ ಹಸಿವಿನ ಸದ್ದು ಯಾವುದೆಂದು ನಾನು ಇಂದಿಗೂ ಅರಿಯೆ.

ಹೊಗೆ ತಗ್ಗಿಸಲೆಂದು ರಿಕ್ಷಾಗಳು ಅನಿಲಕ್ಕೆ ತಿರುಗಿದ ದಿನಗಳು ನೆನಪಿವೆಯೇ? ಹೊಸ ತರಬೇತಿಯ ಪ್ರಮಾಣಪತ್ರವಿಲ್ಲದವರು ಅಂಥ ಗಾಡಿಯನ್ನು ಮುಟ್ಟುವಂತಿಲ್ಲ ಎಂದಾಯಿತು. ನಿಮ್ಮ ಗ್ಯಾರೇಜಿನ ಗಿರಾಕಿಗಳು ಕರಗತೊಡಗಿದರು. ಪಾಠವೋ ಮರಾಠಿ, ಇಂಗ್ಲಿಷುಗಳಲ್ಲಿ. ಮರಾಠಿ ನಿಮಗೆ ನಾಲಗೆಯ ಮೇಲಿತ್ತು. ಓದಲು ಬರುತ್ತಿದ್ದುದು ಕನ್ನಡವೊಂದೇ. "ಕನ್ನಡದಾಗ ಬರದ ಕೊಡ್ರಿ ಮಾಸ್ತರ. ಆದ್ರ ನಿಮ್ಮ ವ್ಯಾಕರಣ ಹಾಕಬ್ಯಾಡ್ರಿ" ಎಂದಿರಿ. ನಾನು ಹಾಕಿದೆ.

ಪರೀಕ್ಷೆಯ ದಿನ ನಾನೂ ಬಾಗಿಲಲ್ಲಿದ್ದೆ. 'ಕೊಳವೆಯನ್ನು ಬಿಚ್ಚುವ ಮೊದಲು ಕವಾಟವನ್ನು ಮುಚ್ಚತಕ್ಕದ್ದು.' ನಾನು ಬರೆದುಕೊಟ್ಟ ಟಿಪ್ಪಣಿಯ ವಾಕ್ಯ. ಅದರಲ್ಲಿ ಒಂದು ತಪ್ಪೂ ಇಲ್ಲ. ನೀವು ನೇರವಾಗಿ ಗೋಡೆಯ ಬಳಿ ಹೋಗಿ, ಉಪಕರಣಗಳ ಕಪಾಟಿನ ಬಾಗಿಲು ಹಾಕಿ, ಚಿಲಕವನ್ನೂ ಸೇರಿಸಿ ಬಂದು, ಕೊಳವೆ ಬಿಚ್ಚಲು ಪಾನಾ ಹಚ್ಚಿದಿರಿ. ಅನಿಲ ಸುಯ್ಯೆಂದು ಸೋರಿತು. ಪರೀಕ್ಷಕರು ಓಡಿ ಬಂದು ನಿಲ್ಲಿಸಿದರು, ನೀವು ಅನುತ್ತೀರ್ಣರಾದಿರಿ.

"ಕಪಾಟ ಯಾಕ ಹಾಕಬೇಕಂತ ನನಗೂ ತಿಳೀಲಿಲ್ಲ. ಮಾಸ್ತರು ಬರದಾರ, ಏನರ ಇರಬೇಕು ಅಂತ ಹಾಕಿದೆ."

"ಕವಾಟವೆಂದರೆ ವಾಲ್ವ್, ಭಾವನವರೇ."

"ಹಂಗಾರ ವಾಲ್ವ್ ಅಂತ ಬರೀಲಿಕ್ಕೆ ಏನ್ ಧಾಡಿ ಆಗಿತ್ರಿ ನಿಮಗ?"

 ಮರುಪರೀಕ್ಷೆಯ ಕರೆ ಬರುವ ಮುನ್ನವೇ ನೀವು ತೀರಿಕೊಂಡಿರಿ.

ನಿಮ್ಮ ಮಗಳು ಗಿರಿಜಾ ಅದೇ ಟಿಪ್ಪಣಿ ಹಿಡಿದು ನನ್ನ ಮುಂದೆ ಕುಳಿತ ಸಂಜೆಯ ಮಾತು ಇದು. "ಮಾಮಾ, ಗ್ಯಾರೇಜ್ ಮುಚ್ಚೂದಿಲ್ಲ. ಪರೀಕ್ಷಾಕ್ಕ ನಾ ಕೂಡ್ತೀನಿ. ಇದನ್ನ ಮನಷ್ಯಾರು ಓದೂ ಹಂಗ ಮಾಡಿ ಕೊಡ್ರಿ." ಪುಟಪುಟವನ್ನೂ ತಿದ್ದಿದೆವು. ಮೊದಲು ಹೋದದ್ದು ಕವಾಟ, ಆಮೇಲೆ ಅನಿಲ. 'ವಾಲ್ವ್ ಬಂದ್ ಮಾಡಬೇಕು' ಎಂದು ನನ್ನ ಕೈಯಿಂದಲೇ ಬರೆದೆ. ಲೇಖನಿ ತಡೆಯಿತು, ಸುಳ್ಳು ಹೇಳಲಾರೆ. ಆದರೆ ಓದಿದವರ ಕೈಯನ್ನು ಬೇರೆಲ್ಲಿಗೋ ಒಯ್ಯುವ ಶಬ್ದವನ್ನು ಶುದ್ಧವೆನ್ನುವುದಾದರೂ ಹೇಗೆ? ಗ್ಯಾಸಿನ ಇಂಜಿನ್ನಿಗೂ ಹಸಿವಾಗುತ್ತದೆಯೇ ಎಂದು ಅವಳನ್ನು ಕೇಳಿದೆ. "ಅದನ್ನ ನೋಡಾಕ ಮೀಟರ್ ಅದ ಮಾಮಾ. ಅಪ್ಪನ ಕಿವಿ ಇದ್ದಿದ್ರ ಮೀಟರ್ ಖರೆ ಹೇಳ್ತದೋ ಇಲ್ಲೋ ನೋಡಬಹುದಿತ್ತು" ಎಂದಳು.

ನೀವು ಕೇಳದೆ ಹೋದ ಸುದ್ದಿ: ಗಿರಿಜಾ ತೇರ್ಗಡೆಯಾದಳು. ನಿನ್ನೆ ಬೆಳಿಗ್ಗೆ ಮೊದಲ ಗ್ಯಾಸಿನ ರಿಕ್ಷಾ ಗ್ಯಾರೇಜಿಗೆ ಬಂತು. ಚಾಲಕ ಕುಳಿತಲ್ಲಿಂದಲೇ ಅವಳಾಚೆ ಒಳಗೆ ಇಣುಕಿ, ಮಿಸ್ತ್ರಿ ಎಲ್ಲಿ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದ. ಏನು ಹೇಳಬೇಕೆಂದು ನಾನು ಶಬ್ದ ಹುಡುಕುವಷ್ಟರಲ್ಲಿ ಗಿರಿಜಾ, "ಮೀಚ ಮಿಸ್ತ್ರಿ. ಗಾಡಿ ಬಂದ್ ಕರಾ" ಎಂದು, ತಾನೇ ಮಿಸ್ತ್ರಿ ಎಂಬುದನ್ನು ಅವನ ಭಾಷೆಯಲ್ಲೇ ಹೇಳಿದಳು.

ಅವನು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಗಾಡಿ ಬಂದ್ ಮಾಡಿ ಇಳಿದ.