ಮೂರು ಪಾಟಾ ಕಡಿಮೆಯಾದ ಲಾರಿ

ಮೆಹಬೂಬ ಕಾಕಾ,

ಗ್ಯಾರೇಜಿನಲ್ಲಿ ನಿಮ್ಮ ಸ್ಟೂಲಿನ ಮೇಲೆ ಇನ್ನೂ ಯಾರೂ ಕೂತಿಲ್ಲ. ನಾನೂ ನಿಂತೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬ್ಯಾಡ್ರಿ: ಕಾಕಿಯ ಕಾಲು ಉಳಿಯಿತು. ಯಾವ ಕಾಲು, ಅದಕ್ಕೇನಾಗಿತ್ತು ಅಂತೀರೇನು? ತಡೀರಿ, ಹೇಳತೇನಿ.

ಮಿಲಿಟರಿ ಹರಾಜಿನಲ್ಲಿ ಆ ಲಾರಿ ಹಿಡಿದ ದಿನ ನೆನಪೈತೇನ್ರಿ? ತೋಪು ಎಳೆಯುವ ಗಾಡಿ. ಖಾಲಿ ಓಡಿಸಿದರೆ ಗೋಕಾಕದಿಂದ ಕೊಣ್ಣೂರು ಮುಟ್ಟುವಷ್ಟರಲ್ಲಿ ನೆತ್ತಿ ತಗಡಿಗೆ ಬಡಿದು ಬುಗುಟಿ ಏಳುತ್ತಿತ್ತು. ಕುಲುಕು ಕಡಿಮೆಯಾಗಲೆಂದು ನೀವು ಹಿಂದಿನ ಎರಡೂ ಸ್ಪ್ರಿಂಗ್ ಕಮಾನುಗಳಿಂದ ಮೂರು ಮೂರು ಪಾಟಾ, ಆ ಉಕ್ಕಿನ ಪಟ್ಟಿ, ಹೊರಗೆಳೆದಿರಿ. ಉಳಿದವುಗಳ ತುದಿಯನ್ನು ಅರದಿಂದ ತಿಕ್ಕಿ, ನಡುನಡುವೆ ಗ್ರೀಸ್ ಮೆತ್ತಿದಿರಿ. ನಾನು ಬಾಯಿ ಬಾಯಿ ಬಡಿದುಕೊಂಡೆ:

"ಕಾಕಾ, ಅರ್ಧಾ ಬೆಲ್ಲದ ಹೇರು ಹೋತಲ್ರಿ!"

"ಹೋಗ್ಲಿ ಬಿಡೊ ಬಸಪ್ಪಾ. ಬೆಲ್ಲಕ್ಕ ನಡಾ ಇರ್ತೈತೇನು? ಗಾಡಿ ಹೊಡ್ಯಾಂವಗ ಇರ್ತೈತಿ."

"ನನ್ನ ನಡಾ ಗಟ್ಟಿ ಐತ್ರಿ."

"ಹೌದಪಾ, ತಲೀನೂ ಅಷ್ಟ ಗಟ್ಟಿ."

ನೀವು ಹೋದಿರಿ. ಆ ಚಳಿಗಾಲ... ಇರಲಿ. ನಿಮ್ಮ ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ನಾನು ನನ್ನ ಲುಕ್ಸಾನು ಎಣಿಸುತ್ತ ಕೂತೆ. ಸೋಮವಾರ ಪಾಟಾ ಮರಳಿ ಕೂಡಿಸು ಎಂದು ಕಮ್ಮಾರನಿಗೆ ಹೇಳಿಯೂ ಬಂದೆ. ಭಾನುವಾರವೇ ಕಾಕಿ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿ, ಕಾಲು ಜಾರಿ ಕೆಳಗೆ ಬಿದ್ದಳು.

ಎಲುಬು ಕೂಡಿಸುವ ಪೈಲವಾನ ಬಂದು ನೋಡಿದವನೇ ಕೈ ಹಿಂದೆಗೆದ. "ತೊಡಿ ಎಲುಬು ಮುರದೈತಿ. ಗೋಕಾಕ ದವಾಖಾನಿಗೆ ಒಯ್ರಿ. ಹಾದ್ಯಾಗ ಕುಲುಕಿತೋ, ಕಾಲಿನ ಆಸೆ ಬಿಡ್ರಿ."

ಮೂಡಲಗಿಯಿಂದ ಗೋಕಾಕದ ಆ ದಾರಿ ನಿಮಗೆ ಗೊತ್ತೇ ಇದೆಯಲ್ಲ? ಖಾಲಿ ಲಾರಿ ಕುಣಿಯಬಾರದೆಂದು ಮಂದಿ ಉಸುಕಿನ ಚೀಲ ಹೇರಲು ಬಂದರು. ಬೇಡ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ! ಹುಲ್ಲು ಹಾಸಿ, ಗಾದಿ ಹಾಕಿ, ಕಾಕಿಯನ್ನು ಮಲಗಿಸಿ ಹೊರಟೆ. ತಗ್ಗು ಬಂದಾಗೊಮ್ಮೆ ಹಿಂದಿನಿಂದ ಚೀರು ಕೇಳುತ್ತದೆಂದು ಹಲ್ಲು ಕಚ್ಚಿದೆ. ಲಾರಿ ತೊಟ್ಟಿಲಿನ ಹಾಗೆ ತೂಗಿ ಮುಂದಕ್ಕೆ ಹೋಯಿತು.

ಅರ್ಧ ದಾರಿಯಲ್ಲಿ ಕಾಕಿಯ ದನಿ: "ಬಸಪ್ಪಾ, ಇನ್ನೂ ಯಾಕ ಹೊಂಟಿಲ್ಲೊ?"

"ಅರ್ಧಾ ಹಾದಿ ಬಂದೀವಿ ಕಾಕಿ."

"ಸುಳ್ಳ ಹೇಳಬ್ಯಾಡ. ಗಾಡಿ ಹೊಂಟಿದ್ರ ನನಗ ತಿಳೀತಿರಲಿಲ್ಲೇನು?"

ನಗಲೋ, ಅಳಲೋ? ಎರಡನ್ನೂ ಮಾಡಿದೆ ಕಾಕಾ. ಸ್ಟೇರಿಂಗ್ ಮಾತ್ರ ಬಿಡಲಿಲ್ಲ.

ಡಾಕ್ಟರು ಕಾಲು ನೋಡಿ, ಯಾವ ಕಾರಿನಲ್ಲಿ ತಂದಿರಿ ಎಂದು ಕೇಳಿದರು. ಕಿಟಕಿಯಿಂದ ಲಾರಿ ತೋರಿಸಿದೆ. ಚೇಷ್ಟೆ ಮಾಡುತ್ತಿದ್ದೇನೆಂದು ಸಿಟ್ಟಾದರು. ನಿಮ್ಮ ಹೆಸರು ಹೇಳಿದೆ; ಅವರಿಗೆ ನಿಮ್ಮ ಗುರುತೆಲ್ಲಿ?

ಸೋಮವಾರ ಕಮ್ಮಾರ ಪಾಟಾ ಹೊತ್ತುಕೊಂಡು ಬಂದ. "ಒಯ್ದು ಕುಡಗೋಲು ಮಾಡ್ಕೊ ಹೋಗು," ಅಂದೆ. ನನ್ನ ಬಾಯಿಂದ ಪುಕ್ಕಟೆ ಕೊಡುವ ಮಾತು ಬಂತಲ್ಲ ಎಂದು ಅವನಿಗೆ ದೊಡ್ಡ ಅನುಮಾನ. ಈಗ ಕಡಿಮೆ ಹೇರುತ್ತೇನೆ, ಎರಡು ಖೇಪು ಹೆಚ್ಚು ಹೊಡೆಯುತ್ತೇನೆ. ಲೆಕ್ಕ ಅಷ್ಟಕ್ಕಷ್ಟೇ ಬರುತ್ತದೆ. ಇದನ್ನು ನೀವಿದ್ದಾಗ ಒಪ್ಪುತ್ತಿದ್ದೆನೇ...

ಇಂದು ಮುಂಜಾನೆ ಕಾಕಿ ಕೋಲೂರಿಕೊಂಡು ಗ್ಯಾರೇಜಿಗೆ ಬಂದಳು. ಹುಕ್ಕೇರಿಯ ತಂಗಿಯ ಮನೆಗೆ ಹೋಗಬೇಕಂತೆ. ಹಿಡಿಯಲೆಂದು ಓಡಿದೆ. "ದೂರ ಸರಿ," ಅಂದಳು. ಕೋಲನ್ನು ಲಾರಿಯ ಸೀಟಿನ ಮೇಲೆ ಎಸೆದಳು. ಮುರಿದಿದ್ದ ಆ ಕಾಲನ್ನೇ ಮೊದಲು ಎತ್ತಿ ಪಾವಟಿಗೆಯ ಮೇಲೆ ಇಟ್ಟಳು, ಕಾಕಾ. ಯಾರೂ ಹಿಡಿಯಲಿಲ್ಲ.

ನಿಮ್ಮ
ಬಸಪ್ಪ