ದಿಂಬಿನ ಕೆಳಗಿನ ನಾಗದಾಳಿ

ಅರ್ಪಿತಾ,

ಎಂಟರ ಬಸ್ಸಿಗೆ ಸವಳಂಗಕ್ಕೆ ನನ್ನ ತಂಗಿ ಮನೆಗೆ ಹೊಂಟೀನಿ. ನೀನು, ಕೂಸು ಮಲಗಿದ್ರಿ, ಎಬ್ಬಿಸಲಿಲ್ಲ.

ಹಾಲು ಕಾಸಿ ಐತೆ. ನಿಮ್ಮ ಭಾವನೋರಿಗೆ ಬುತ್ತಿ ಕಟ್ಟಿಟ್ಟೀನಿ. ಅತ್ತೆಗೆ ಗುಳಿಗೆ ಊಟ ಆದ ಮೇಲೆ ಕೊಡು, ಮೊದಲೇ ಅಲ್ಲ.

ಇನ್ನೊಂದು ಮಾತು. ನಿನ್ನೆ ತೊಟ್ಟಿಲ ಬಟ್ಟೆ ಬದಲಿಸುವಾಗ ದಿಂಬಿನ ಕೆಳಗೆ ನಾಗದಾಳಿ ಎಲೆ ಸಿಕ್ತು. ಆ ಗಿಡ ಹಿತ್ತಲಿನಾಗೆ ಹಚ್ಚಿದೋಳು ನಾನು. ಅದರ ವಾಸನೆಗೆ ನಾಗರಹಾವು ಸುಳಿಯಲ್ಲ, ಅದಕ್ಕೇ ಆ ಹೆಸರು ಅಂತ ನಿನಗೆ ಹೇಳಿದೋಳೂ ನಾನೇ. ಕೂಸಿಗೆ ಕೆಟ್ಟ ದೃಷ್ಟಿ ತಾಗದಂಗೂ ಕಾಯುತ್ತೆ ಅಂತ ಹೇಳಿರಲಿಲ್ಲ, ಅದನ್ನ ನಿಮ್ಮವ್ವ ಹೇಳಿರಬೇಕು. ಈ ವಾರ ಮನೆಗೆ ಹೊರಗಿನೋರು ಯಾರೂ ಬಂದಿಲ್ಲ. ಕೂಸನ್ನ ಎತ್ತಾಡಿಸಿದೋಳು ನಾನೊಬ್ಬಳೇ.

ಹೊಟ್ಟೆಕಿಚ್ಚಿಲ್ಲ ಅಂತ ಸುಳ್ಳು ಹೇಳಲ್ಲ. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ನೀನು ಬಂದ ವರ್ಷಕ್ಕೇ ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳೀತು. ಅದನ್ನ ತಿಕ್ಕಿ ತೊಳೆದೋಳೂ ನಾನೇ. ಕೂಸು ನಿನ್ನ ನೋಡಿ ನಕ್ಕರೆ ನನಗೆ ಒಳಗೆ ಉರಿಯುತ್ತೆ. ನನ್ನ ನೋಡಿ ನಕ್ಕು ಆಮೇಲೆ ನಿನ್ನ ಕಡೆ ಕೈ ಚಾಚಿದರೆ ಇನ್ನೂ ಜಾಸ್ತಿ ಉರಿಯುತ್ತೆ.

ಆದ್ರೆ ನೀನಿಟ್ಟ ಎಲೆ ಒಣಗಿ ಪುಡಿಯಾಗಿತ್ತಲ್ಲೇ! ಅದರಾಗೆ ಏನು ಉಳಿದಿರುತ್ತೆ? ಬೆಳಿಗ್ಗೆ ಹಸೀದು ಕಿತ್ತು, ಬಟ್ಟೆಯಾಗೆ ಕಟ್ಟಿ, ನಾನೇ ಅದೇ ಜಾಗಕ್ಕೆ ಇಟ್ಟೀನಿ.

ಸಂಜಿ ಬಂದ ಮೇಲೆ ಕೂಸನ್ನ ನನ್ನ ಕೈಗೆ ಕೊಡು. ಬೇಕಾದ್ರೆ ಕುಲಾವಿಯಾಗೆ ಎರಡು ಎಲೆ ಸಿಗಿಸೇ ಕೊಡು.

ಓಬವ್ವಕ್ಕ